ಮಿಲಿಟ್ರಿ ಮಾವನ ಪಟ್ಟಿಯ ಕೊನೆಯ ಕಾಲಂ

ಹೋದ ತಿಂಗಳು ಬಸ್ರೂರಿನ ಗುಜರಿ ಅಂಗಡಿಯ ಮುಂದೆ ಹಳೆಯ ರೋಡ್ ರೋಲರ್ ಒಂದನ್ನು ಗ್ಯಾಸ್ ಕಟರ್ ಹಿಡಿದು ಕೊಯ್ಯುತ್ತಿದ್ದರು. ನಾನು ಕುಂದಾಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಕಬ್ಬಿಣ ಕೊಯ್ಯುವ ಸದ್ದಿಗೆ ನನಗೇನೂ ಆಗಲಿಲ್ಲ. ಆದರೆ ಗಾಳಿ ತಿರುಗಿ ಆ ವಾಸನೆ ಬಂತು ನೋಡಿ... ಸುಟ್ಟ ಪೇಂಟು, ಹಳೆ ಗ್ರೀಸು, ತಳ ಹಿಡಿದ ಡೀಸೆಲ್, ಮೂರೂ ಸೇರಿ ಗಂಟಲಲ್ಲಿ ಕೂತುಬಿಡುವ ವಾಸನೆ. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಪಕ್ಕದಲ್ಲಿದ್ದ ಹೆಂಗಸು "ಎಂತಾಯ್ತ್, ತಲಿ ತಿರ್ಗ್‌ತಾ?" ಎಂದು ಕೇಳಿದಳು. ತಲೆ ತಿರುಗಿರಲಿಲ್ಲ. ಹದಿನೈದು ಹದಿನಾರು ವರ್ಷ ಹಿಂದಕ್ಕೆ ಹೋಗಿತ್ತು, ಅಷ್ಟೇ.

ಊರವರೆಲ್ಲ ಅವರನ್ನು ಮಿಲಿಟ್ರಿ ಮಾವ ಎನ್ನುತ್ತಿದ್ದರು. ನಮ್ಮ ಮನೆಯ ಎದುರು, ರಸ್ತೆಯ ಆಚೆ ಬದಿಯಲ್ಲಿ ಅವರ ಪಂಪ್‌ಸೆಟ್ ರಿಪೇರಿಯ ಶೆಡ್ಡು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಗದ್ದೆಯ ಡೀಸೆಲ್ ಪಂಪು ಕೈಕೊಟ್ಟರೂ ಕೊನೆಗೆ ಅಲ್ಲಿಗೇ ಬರುತ್ತಿತ್ತು. ಸೈನ್ಯದಲ್ಲಿ ಅವರು ಟ್ಯಾಂಕಿನ ಗನ್ನರ್ ಆಗಿದ್ದವರು, ಎಂದರೆ ತೋಪು ಗುರಿಯಿಟ್ಟು ಹೊಡೆಯುವವರು. ಎಪ್ಪತ್ತೊಂದರ ಯುದ್ಧ ಮಾಡಿ ಬಂದವರು. ಎಡಕಿವಿ ಕೇಳುತ್ತಿರಲಿಲ್ಲ. ಬಲಗಾಲಿನ ಮೀನಖಂಡದ ಚರ್ಮ ಸುಟ್ಟು ಸುಕ್ಕಾಗಿ ಹೊಳೆಯುತ್ತಿತ್ತು. ಅವರ ರೆಜಿಮೆಂಟಿನಲ್ಲಿ ತಮಿಳರು ಹೆಚ್ಚಿದ್ದರಂತೆ, ಹಾಗಾಗಿ ಸಿಟ್ಟು ಬಂದರೆ ಬೈಗುಳ ತಮಿಳಿನಲ್ಲೇ ಬರುತ್ತಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಶೆಡ್ಡಿನಿಂದ ಸ್ಪ್ಯಾನರ್ ರಸ್ತೆಗೆ ಹಾರಿ ಬಂದು ಬಿದ್ದದ್ದನ್ನು ನಾನೇ ಮೂರು ನಾಲ್ಕು ಸಲ ಕಂಡಿದ್ದೇನೆ.

ಕಾರ್ಗಿಲ್ಲಿನ ಯುದ್ಧ ನಡೆದ ಮಳೆಗಾಲದಲ್ಲಿ ನಮ್ಮೂರಿನ ಹೋಟೆಲಿನಲ್ಲಿ ಎಲ್ಲರೂ ದಂಡನಾಯಕರೇ. ಚಾ ಕುಡಿಯುತ್ತ ಯಾರೋ ಒಬ್ಬ, ಟ್ಯಾಂಕಿನೊಳಗೆ ಕೂತವನಿಗೆ ಎಂತ ಹೆದರಿಕೆ, ಕಾರಿನೊಳಗೆ ಕೂತ ಹಾಗೆ ಎಂದನಂತೆ. ಮಿಲಿಟ್ರಿ ಮಾವ ಎದ್ದು ಹೋಗಿ ಅವನ ಕುತ್ತಿಗೆಯ ಹಿಂಭಾಗ ಹಿಡಿದು, ಇಡ್ಲಿ ಬೇಯುವ ಪಾತ್ರೆಯ ಮುಚ್ಚಳ ತೆಗೆದು, ಮುಖವನ್ನು ಆ ಹಬೆಯ ಮೇಲೆ ಹಿಡಿದರು. ಹಿಡಿದುಕೊಂಡು ತಮಿಳಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿದರಂತೆ. ಮೂರಕ್ಕೆ ಬಿಟ್ಟರು. ಅವನ ಮುಖದ ಸಿಪ್ಪೆ ಏಳಲು ಅಷ್ಟು ಸಾಕಾಯಿತು. "ಮೂರ್ ಸೆಕೆಂಡ್ ಕೂಕಂಬುಕ್ ಆಯ್ಲಿಲ್ಲೆ ನಿಂಗೆ" ಎಂದು ಹೇಳಿ ತಮ್ಮ ಚಾ ಮುಗಿಸಿ ಹೊರಟರು. ಆ ಮೇಲೆ ಹೋಟೆಲಿನವರು ಅವರನ್ನು ಒಳಗೆ ಸೇರಿಸಲಿಲ್ಲ.

ನಾನು ಆಗ ಕುಂದಾಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಒಂದು ದಿನ ಸಂಜೆ ಮಿಲಿಟ್ರಿ ಮಾವ ನಮ್ಮ ಜಗುಲಿಗೆ ಬಂದು ಗ್ರೀಸಿನ ಕೈಗುರುತು ಬಿದ್ದ ಒಂದು ಕಟ್ಟು ಹಾಳೆ ಇಟ್ಟರು. ಲೋಕದ ಟ್ಯಾಂಕುಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ತೂಗಿದ ಪಟ್ಟಿ. ಟೈಪು ಮಾಡಿ ಕೊಡಬೇಕು, ದಿಲ್ಲಿಗೆ ಕಳುಹಿಸಬೇಕು ಎಂದರು. ಯಾರಿಗೆ ಎಂದು ಕೇಳಿದರೆ, "ಅಲ್ಲಿ ಯಾರಾರೂ ಇರ್ತ್ರಲೆ" ಎಂದರು. ನನಗೆ ನಗು ಬಂತು. ಆದರೆ ಇಡ್ಲಿ ಪಾತ್ರೆಯ ಕಥೆ ಗೊತ್ತಿದ್ದವಳಾದ್ದರಿಂದ ನಗಲಿಲ್ಲ.

ಮೊದಲ ಸಾಲಿನಲ್ಲಿ "ನಮ್ದ್" ಎಂದಷ್ಟೇ ಬರೆದಿತ್ತು, ಅದು ಅವರು ಯುದ್ಧದಲ್ಲಿ ಕೂತಿದ್ದ ಟ್ಯಾಂಕು. ಅದರ ಕೆಳಗೆ ರಷ್ಯದ ಟಿ-72, ಆಗಷ್ಟೇ ನಮ್ಮ ಸೈನ್ಯಕ್ಕೆ ಬರಲಿದ್ದ ಟಿ-90, ಆಚೆ ದೇಶದವರು ಕೊಂಡ ಟಿ-80, ನಮ್ಮ ಅರ್ಜುನ್, ಅಮೆರಿಕದ್ದು, ಜರ್ಮನಿಯದ್ದು, ಇಂಗ್ಲೆಂಡಿನದ್ದು, ಇಸ್ರೇಲಿನದ್ದು. ತೂಕ, ತೋಪಿನ ಬಾಯಿಯ ಅಗಲ, ಎಂಜಿನ್ನಿನ ಶಕ್ತಿ, ವೇಗ, ಒಳಗೆ ಎಷ್ಟು ಜನ. ಇಷ್ಟು ಯಾವ ಪುಸ್ತಕದಲ್ಲೂ ಸಿಗುತ್ತದೆ. ಕೊನೆಯ ಕಾಲಂ ಮಾತ್ರ ಅವರದೇ. ಬೆಂಕಿ ಬಿದ್ದ ಮೇಲೆ ಡ್ರೈವರ್ ಹೊರಗೆ ಬರಲು ಎಷ್ಟು ಸೆಕೆಂಡು? "ಪುಸ್ತಕದವ್ರ್ ಗುಂಡ್ ಎಷ್ಟ್ ದೂರ ಹೋತ್ ಅಂತ ಬರಿತ್ರ್ ಹೆಣ್ಣೇ. ಒಳಗಿದ್ದವ ಎಷ್ಟ್ ದೂರ ಹೋತ ಅಂತ ಯಾರೂ ಬರುದಿಲ್ಲೆ" ಎಂದರು.

ಪಟ್ಟಿ ತಿದ್ದಲು ಅವರು ಎರಡು ವರ್ಷ ಬಂದರು. ಪ್ರತಿ ಸಲ ಏನಾದರೂ ಹೊಸತು ಓದಿಕೊಂಡು ಬರುತ್ತಿದ್ದರು. ಹಾಗೆ ಟೈಪು ಮಾಡುತ್ತ ಮಾಡುತ್ತ ನನಗೂ ಟ್ಯಾಂಕುಗಳು ತಲೆಗೆ ಹತ್ತಿದವು. ಟಿ-72ರಲ್ಲಿ ಗುಂಡು ತುಂಬಲು ಆಳು ಬೇಡ, ಯಂತ್ರವೇ ತುಂಬುತ್ತದೆ, ಮೂರೇ ಜನ ಸಾಕು, ತಗ್ಗಾಗಿ ಹಗುರವಾಗಿ ಓಡುತ್ತದೆ. ಆದರೆ ಆ ಗುಂಡುಗಳೆಲ್ಲ ಇಬ್ಬರು ಕೂತ ಸೀಟಿನ ಅಡಿಯಲ್ಲೇ ಸುತ್ತಲೂ ಜೋಡಿಸಿರುತ್ತವೆ. ಶತ್ರುವಿನ ತೋಪಿನಿಂದ ಬರುವ ಉಕ್ಕಿನ ಬಾಣ ಒಂದು ಹೊಕ್ಕರೆ ಮೇಲಿನ ಗೋಪುರ ಕಿತ್ತು ಹಾರುತ್ತದೆ, ಒಳಗಿನವರ ಗುರುತು ಹಿಡಿಯಲು ಹಲ್ಲೂ ಉಳಿಯುವುದಿಲ್ಲ. ಅಮೆರಿಕದವರು ಗುಂಡುಗಳನ್ನು ಹಿಂದೆ ಬೇರೆ ಕೋಣೆಯಲ್ಲಿಟ್ಟರು; ಬೆಂಕಿ ಬಿದ್ದರೆ ಆ ಕೋಣೆಯ ಮಾಡು ಕಿತ್ತು ಉರಿ ಆಕಾಶಕ್ಕೆ ಹೋಗುತ್ತದೆ, ಜನ ಉಳಿಯುತ್ತಾರೆ. ಆದರೆ ಅದು ಎಣ್ಣೆ ಕುಡಿಯುವುದು ಹೊಳೆ ನೀರು ಕುಡಿದ ಹಾಗೆ. ಇಂಗ್ಲೆಂಡಿನದರಲ್ಲಿ ಚಾ ಕಾಯಿಸುವ ಪಾತ್ರೆಯೂ ಇದೆಯಂತೆ, ಅದನ್ನು ಹೇಳುವಾಗ ಮಾತ್ರ ಅವರು ನಗುತ್ತಿದ್ದರು. ಅರ್ಜುನ್ ತೂಕ ಹೆಚ್ಚು, ಆದರೆ ಕವಚ ಗಟ್ಟಿ, ಗುರಿ ಗಟ್ಟಿ ಎಂದು ಅಭಿಮಾನದಿಂದ ಹೇಳುತ್ತಿದ್ದರು. ಆಚೆಯವರ ಟಿ-80ಕ್ಕೂ ನಮ್ಮ ಟಿ-72ಕ್ಕೂ ಪತ್ರಿಕೆಗಳು ಪುಟಗಟ್ಟಲೆ ಹೋಲಿಕೆ ಬರೆದಿದ್ದವು. ಮಿಲಿಟ್ರಿ ಮಾವನ ತೀರ್ಪು ಒಂದೇ ಸಾಲು: "ಅವ್ನೂ ಇವ್ನೂ ಕೂಕಂಡದ್ದ್ ಒಂದೇ ನಮೂನಿ ಒಲಿ ಮೇಲೆ."

ಅವರ ಪ್ರಕಾರ ಲೋಕದಲ್ಲಿ ಒಂದನೇ ನಂಬರ್ ಇಸ್ರೇಲಿನದ್ದು. ಎಂಜಿನ್ ಮುಂದಿಟ್ಟು, ಹಿಂದೆ ಮನುಷ್ಯ ಇಳಿದು ಹೋಗುವಂಥ ಬಾಗಿಲಿಟ್ಟಿದ್ದಾರೆ ಎಂಬುದೇ ಕಾರಣ. ವೇಗದಲ್ಲಿ ಅದು ಹಿಂದೆ ಬಿತ್ತಲ್ಲ ಎಂದು ನಾನು ಒಮ್ಮೆ ಬಾಯಿ ಹಾಕಿದೆ. ಅವರು ತೆಂಗಿನಕಾಯಿ ಸುಲಿಯುವ ಕಬ್ಬಿಣದ ಮೊನೆಯನ್ನು ತೋರಿಸಿ, ಆ ಉಕ್ಕಿನ ಬಾಣ ಇದಕ್ಕಿಂತ ಬಹಳ ದಪ್ಪವೇನಲ್ಲ, ಅದು ಒಳಗೆ ಬಂದಾಗ ಕಮಾಂಡರನ ಎದೆಯ ಮೇಲಿನದೆಲ್ಲ ಹೋಗಿ ಸೊಂಟ ಮಾತ್ರ ಸೀಟಿನಲ್ಲಿ ಕೂತಿರುವುದನ್ನು ನೀನು ಕಂಡಿದ್ದೀಯಾ ಎಂದು ಕೇಳಿದರು. ನಾನು ಕಂಡಿರಲಿಲ್ಲ.

ನನ್ನ ತಮ್ಮ ಸೈನ್ಯಕ್ಕೆ ಸೇರಿ, ತರಬೇತಿ ಮುಗಿಸಿ, ಟ್ಯಾಂಕಿನ ಡ್ರೈವರ್ ಆಗಿ ಮೊದಲ ರಜೆಗೆ ಬಂದದ್ದು ಎರಡು ಸಾವಿರದ ಒಂದನೇ ಇಸವಿಯ ಕೊನೆಗೆ. ಅಪ್ಪ ಇಲ್ಲದ ಮನೆಯಲ್ಲಿ ನಾನೇ ಎತ್ತಿ ಆಡಿಸಿದ ಹುಡುಗ. ಮರುದಿನವೇ ನನ್ನನ್ನೂ ಕರೆದುಕೊಂಡು ಮಿಲಿಟ್ರಿ ಮಾವನ ಶೆಡ್ಡಿಗೆ ಹೋಗಿ ಸೆಲ್ಯೂಟ್ ಹೊಡೆದ. ಡ್ರೈವರ್ ಎಂದ ಕೂಡಲೇ ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು.

"ನಿನ್ ಗನ್ನರ್ ಯಾರಾ?"

"ಆಂಧ್ರದವ ಮಾವ. ಒಳ್ಳೆ ಹೈದ."

"ಒಳ್ಳೆಯವ ಬ್ಯಾಡ. ಕೂಕಂಬವ ಬೇಕ್."

ಕೂರುವವನು ಎಂದರೇನೆಂದು ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಡ್ರೈವರ್ ಕೂರುವುದು ಎಲ್ಲರಿಗಿಂತ ಮುಂದೆ, ಕೆಳಗೆ, ಒಬ್ಬನೇ. ಅವನ ತಲೆಯ ಮೇಲೆ ಒಂದು ಮುಚ್ಚಳ. ತೋಪಿನ ನಳಿಗೆ ತಗ್ಗಿ ಆ ಮುಚ್ಚಳದ ಮೇಲೆ ಬಂದು ನಿಂತರೆ ಮುಚ್ಚಳ ಏಳುವುದಿಲ್ಲ. ತಳದಲ್ಲೊಂದು ತುರ್ತು ಬಾಗಿಲಿದ್ದರೂ ಟ್ಯಾಂಕು ಕೆಸರಿನಲ್ಲಿ ಹೂತಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆಗ ಡ್ರೈವರಿಗೆ ಗನ್ನರನೇ ದೇವರು. ಬೆಂಕಿ ಬಿದ್ದರೂ ಗನ್ನರ್ ತನ್ನ ಸೀಟಿನಲ್ಲಿ ಕೂತು, ಕೈಚಕ್ರ ತಿರುಗಿಸಿ, ನಳಿಗೆ ಪಕ್ಕಕ್ಕೆ ಸರಿಸಿ, ಆಮೇಲೆ ಹಾರಬೇಕು. ಅದು ಟ್ಯಾಂಕಿನವರ ಧರ್ಮ.

ಆ ವಾರವೇ ಅವರು ಡೀಸೆಲ್ ಡ್ರಮ್ಮುಗಳ ತಗಡು ಕತ್ತರಿಸಿ, ವೆಲ್ಡ್ ಮಾಡಿ, ಶೆಡ್ಡಿನೊಳಗೆ ಮನುಷ್ಯ ಮೊಣಕಾಲು ಮಡಚಿ ಕೂರುವಷ್ಟು ಜಾಗದ ಒಂದು ಪೆಟ್ಟಿಗೆ ಮಾಡಿದರು. ತಮ್ಮ ಒಳಗೆ ಕೂರುವುದು, ಇವರು ಹೊರಗಿನಿಂದ ತಗಡಿಗೆ ಸುತ್ತಿಗೆಯಲ್ಲಿ ಬಡಿಯುವುದು, ಬಡಿದ ಕೂಡಲೇ ಅವನು ಮುಚ್ಚಳ ನೂಕಿ ಹೊರಗೆ ಹಾರುವುದು. ಮೊದಲ ದಿನ ಹತ್ತೊಂಬತ್ತು ಸೆಕೆಂಡು. ತಡವಾದರೆ ಪಂಪಿನ ಬೆಲ್ಟಿನಲ್ಲಿ ಬೆನ್ನಿಗೆ ಏಟು. ನಾಲ್ಕನೇ ದಿನ ತಮ್ಮ ಸ್ನಾನಕ್ಕೆ ಅಂಗಿ ಬಿಚ್ಚಿದಾಗ ಬೆನ್ನಿನ ತುಂಬ ಬಾಸುಂಡೆ, ಎರಡು ಕಡೆ ಚರ್ಮ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಅಮ್ಮ ಕೂಗಾಡಿದರು. ನಾನು ಜಗಳಕ್ಕೆ ಹೊರಟವಳನ್ನು ತಮ್ಮನೇ ತಡೆದ. "ಅಕ್ಕಾ, ನೀ ಸುಮ್ನಿರ್. ಅಲ್ಲಿ ನಂಗ್ ಯಾರೂ ಹೀಂಗ್ ಕಲ್ಸಿದ್ರಿಲ್ಲೆ. ಇವತ್ತ್ ಆರ್ ಸೆಕೆಂಡಿಗ್ ಬಂದೆ ಗೊತ್ತಿತ್ತಾ?" ಎಂದು ಹಲ್ಲು ಕಿರಿದ. ಅವನಿಗೆ ಅದು ಆಟ. ನನಗೋ, ಆ ಕೊನೆಯ ಕಾಲಮ್ಮಿನಲ್ಲಿ ಈಗ ನನ್ನ ತಮ್ಮ ಕೂತಿದ್ದ.

ಅಷ್ಟರಲ್ಲಿ ದಿಲ್ಲಿಯಲ್ಲಿ ಪಾರ್ಲಿಮೆಂಟಿನ ಮೇಲೆ ದಾಳಿಯಾಯಿತು. ಸೈನ್ಯವೆಲ್ಲ ಗಡಿಗೆ ಹೊರಟಿತು. ತಮ್ಮನ ರಜೆ ರದ್ದು, ಕೂಡಲೇ ಹೊರಟು ಬಾ ಎಂದು ಫೋನು. ಹೊರಡುವ ಹಿಂದಿನ ಮಧ್ಯಾಹ್ನ ಮಿಲಿಟ್ರಿ ಮಾವ ಕೊನೆಯ ಪಾಠವಿದೆ ಎಂದು ಕರೆಸಿಕೊಂಡರು. ಅಮ್ಮ ಕೋಳಿ ಸಾರು ಮಾಡಿ ಕಾಯುತ್ತಿದ್ದರು. ಊಟಕ್ಕೆ ಕರೆಯಲು ನಾನು ಹೋದೆ.

ರಸ್ತೆ ದಾಟುವಾಗಲೇ ಆ ವಾಸನೆ ಬಂತು. ಶೆಡ್ಡಿನ ಮಾಡಿನ ಸಂದುಗಳಿಂದ ಕಪ್ಪು ಹೊಗೆ. ಒಳಗೆ ಕಬ್ಬಿಣಕ್ಕೆ ಬಡಿಯುವ ಸದ್ದು, ಲಯವಿಲ್ಲದ ಬಡಿತ. ಓಡಿದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಬೋರ್‌ವೆಲ್ಲಿನ ಕಬ್ಬಿಣದ ದಪ್ಪ ಕೇಸಿಂಗ್ ಪೈಪು ಅಡ್ಡ ಕೂತಿತ್ತು, ತೋಪಿನ ನಳಿಗೆಯ ಹಾಗೆ. ಬಾವಿಯಿಂದ ಪಂಪು ಎತ್ತುವ ಚೈನ್ ಬ್ಲಾಕಿಗೆ ಅದನ್ನು ಕಟ್ಟಿದ್ದರು. ಪೆಟ್ಟಿಗೆಯ ಬುಡದ ತೂತಿನ ಹತ್ತಿರ ವೇಸ್ಟ್ ಆಯಿಲಿನಲ್ಲಿ ಅದ್ದಿದ ಗೋಣಿಚೀಲ ಬಾಣಲೆಯಲ್ಲಿ ಉರಿಯುತ್ತಿತ್ತು. ಹೊಗೆ ಮಾತ್ರ ಒಳಗೆ ಹೋಗಲಿ ಎಂದು ಇಟ್ಟದ್ದು. ಈಗ ಉರಿಯೇ ಒಳಗೆ ನಾಲಿಗೆ ಚಾಚಿತ್ತು. ಪೇಂಟು ಗುಳ್ಳೆ ಎದ್ದು ಸಿಡಿಯುತ್ತಿತ್ತು. ಒಳಗಿನಿಂದ ತಮ್ಮ ಕಿರುಚುತ್ತಿದ್ದ. ಮಿಲಿಟ್ರಿ ಮಾವ ಇರಲಿಲ್ಲ. ಚೈನು ಮಾತ್ರ ಈಗಷ್ಟೇ ಯಾರೋ ಕೈಬಿಟ್ಟ ಹಾಗೆ ಅಲ್ಲಾಡುತ್ತಿತ್ತು.

ನಾನು ಚೈನು ಹಿಡಿದು ಜಗ್ಗಿದೆ. ಅದರಲ್ಲಿ ಎರಡು ಎಳೆ, ಒಂದು ಎಳೆದರೆ ಏಳುತ್ತದೆ, ಇನ್ನೊಂದು ಎಳೆದರೆ ಇಳಿಯುತ್ತದೆ. ನನಗೆ ಏನು ಗೊತ್ತು? ಇಳಿಯುವುದನ್ನೇ ಜಗ್ಗಿದೆ. ಪೈಪು ಇನ್ನಷ್ಟು ಗಟ್ಟಿಯಾಗಿ ಮುಚ್ಚಳದ ಮೇಲೆ ಕೂತಿತು. ತಮ್ಮ "ಅಕ್ಕಾ" ಎಂದ. ನಾನು ಬಂದದ್ದು ಅವನಿಗೆ ಹೇಗೆ ಗೊತ್ತಾಯಿತೋ... ಗೊತ್ತಿಲ್ಲದೆಯೂ ಕೂಗಿರಬಹುದು. ಇನ್ನೊಂದು ಎಳೆ ಹಿಡಿದು ಅಂಗೈ ಹರಿಯುವ ಹಾಗೆ ಜಗ್ಗಿದೆ. ಪೈಪು ಗೇಣಷ್ಟು ಎದ್ದಿತು. ಮುಚ್ಚಳ ಹಾರಿತು. ಹೊರಗೆ ಬಂದವನ ಮುಖದಲ್ಲಿ ಕಣ್ಣಿನ ಬಿಳುಪು ಬಿಟ್ಟರೆ ಎಲ್ಲ ಕಪ್ಪು. ಎಡ ಮುಂಗೈಯ ಚರ್ಮ ಬಾಳೆಯ ಸಿಪ್ಪೆಯ ಹಾಗೆ ಇಳಿದು ಬಿದ್ದಿತ್ತು.

ಮಿಲಿಟ್ರಿ ಮಾವ ಶೆಡ್ಡಿನ ಹಿಂದೆ ತೆಂಗಿನ ಬುಡದ ಹೊಂಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಕೈ ಕಿವಿಯ ಮೇಲೆ. ತಮ್ಮ ಹೋದವನೇ ಅವರ ಮುಖಕ್ಕೆ ಒದ್ದ. ಆಮೇಲೆ ಮುಷ್ಟಿ ಕಟ್ಟಿ ಹೊಡೆದ, ಸುಟ್ಟ ಕೈಯಲ್ಲೇ ಹೊಡೆದ, ರಕ್ತ ಯಾರದು ಎಂದು ತಿಳಿಯದ ಹಾಗೆ ಹೊಡೆದ. ಮುಂದಿನ ಎರಡು ಹಲ್ಲು ಮಣ್ಣಿಗೆ ಬಿದ್ದವು. ಅವರು ಕೈ ಎತ್ತಲಿಲ್ಲ, ತಲೆ ತಪ್ಪಿಸಲಿಲ್ಲ. ನಾನು ತಡೆದೆನೇ? ಇಲ್ಲ. ನನ್ನ ಕಾಲಿನ ಚಪ್ಪಲಿ ನನ್ನ ಕೈಯಲ್ಲಿತ್ತು. ಕೆನ್ನೆಗೆ ಒಂದು ಕೊಟ್ಟೆ. ಅಪ್ಪನ ವಯಸ್ಸಿನವರಿಗೆ, ದಿನಾ ನನ್ನ ಜಗುಲಿಯಲ್ಲಿ ಕೂತು ಬೆಲ್ಲ ತಿಂದು ನೀರು ಕುಡಿದವರಿಗೆ.

ಆಗ ಅವರು ಬಾಯಿಯ ರಕ್ತ ಉಗುಳಿ, ನಮ್ಮಿಬ್ಬರನ್ನೂ ನೋಡದೆ, ನೆಲಕ್ಕೆ ಹೇಳಿದರು.

"ಅವತ್ತೂ ಹೀಂಗೇ. ಕಮಾಂಡರ್ ಹೋಯಿದ್ದ. ಗುಂಡ್ ತುಂಬವ ಹಾರ್ದ. ನಾ ಚಕ್ರ ತಿರ್ಗ್ಸ್ದೆ... ಮೂರ್ ಸುತ್ತ್. ಇನ್ನೊಂದ್ ಎಂಟ್ ಸುತ್ತ್ ಇತ್ತ್. ಕಾಲಿಗ್ ಬೆಂಕಿ ಹಿಡ್ದ್ ಕೂಡ್ಲೆ ಹಾರ್ದೆ. ಅವ ಒಳಗಿಂದ ಬಡಿತಿದ್ದ. ಸ್ಪ್ಯಾನರ್ ಹಿಡ್ಕಂಡ್ ಬಡಿತಿದ್ದ. ನಾ ಗದ್ದಿ ಹೊಂಡದೊಳ್ಗೆ ಕೂಕಂಡ್ ಕೆಮಿ ಮುಚ್ಕಂಡೆ."

ಬಡಿತ ಎಷ್ಟು ಹೊತ್ತು ಇತ್ತು ಎಂದು ಅವರು ಹೇಳಲಿಲ್ಲ. ನಾವು ಕೇಳಲಿಲ್ಲ. ಆ ಡ್ರೈವರ್ ತಮಿಳು ಹುಡುಗನಂತೆ, ಮದುವೆಯಾಗಿ ಆರು ತಿಂಗಳಾಗಿತ್ತಂತೆ. ಈಗಲೂ ಮೂರೇ ಸಲ ಚೈನು ಎಳೆದೆ, ಹೈದ ಬಡಿಯಲು ಶುರು ಮಾಡಿದ, ಕಾಲು ತನ್ನಷ್ಟಕ್ಕೆ ಓಡಿತು ಎಂದರು. ಮೂವತ್ತು ವರ್ಷ ಪಟ್ಟಿ ಬರೆದ ಮನುಷ್ಯ, ಪಾಠ ಕಲಿಸಲು ಹೊರಟವ, ಅದೇ ತಪ್ಪನ್ನು ಅದೇ ಲೆಕ್ಕದಲ್ಲಿ ಮಾಡಿದ್ದ. ತಮ್ಮ ಮನೆಗೆ ನಡೆದ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮರುದಿನ ಬೆಳಿಗ್ಗೆ ಹೊರಟ.

ಅಲ್ಲಿಂದ ಎರಡು ಮನೆಗೂ ಎಣ್ಣೆ ಸೀಗೆಕಾಯಿ. ಅಮ್ಮ ಅವರ ಶೆಡ್ಡಿನ ಕಡೆ ಮುಖ ಮಾಡಿ ನೆಲಕ್ಕೆ ಉಗುಳುತ್ತಿದ್ದರು. ಆ ಹತ್ತು ತಿಂಗಳು ಸೈನ್ಯ ಗಡಿಯಲ್ಲಿ ತೋಪು ತುಂಬಿಕೊಂಡು ನಿಂತಿತ್ತು. ಅಂಚೆಯವನು ನಮ್ಮ ಮನೆಗೆ ಬರುವ ಹೊತ್ತಿಗೆ ಮಿಲಿಟ್ರಿ ಮಾವ ರಸ್ತೆಯಾಚೆ ಬಂದು ನಿಲ್ಲುತ್ತಿದ್ದರು. ಕೇಳುತ್ತಿರಲಿಲ್ಲ. ಕಾಗದ ಓದುವ ನನ್ನ ಮುಖ ನೋಡುತ್ತಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ, ತಮ್ಮ ಕ್ಷೇಮ ಎಂದು ಬರೆದಿದ್ದರೂ ಮುಖ ಗಂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ಸಾಯಲಿ, ಒದ್ದಾಡಲಿ ಎಂದುಕೊಳ್ಳುತ್ತಿದ್ದೆ. ಇಷ್ಟು ಕೆಟ್ಟವಳಾಗಲು ನನಗೆ ಯಾರೂ ಕಲಿಸಿಕೊಟ್ಟದ್ದಲ್ಲ.

ಯುದ್ಧವಾಗಲಿಲ್ಲ. ಸೈನ್ಯ ಹಿಂದೆ ಬಂತು. ನಾಲ್ಕೈದು ವರ್ಷ ಕಳೆದು, ಮರುಭೂಮಿಯಲ್ಲಿ ನಡೆದ ಒಂದು ಅಭ್ಯಾಸದಲ್ಲಿ ತಮ್ಮನ ಟ್ಯಾಂಕಿಗೆ ಬೆಂಕಿ ಬಿತ್ತು. ಯಾವ ಶತ್ರುವೂ ಅಲ್ಲ, ಒಳಗಿನ ವಯರು. ಆಸ್ಪತ್ರೆಯಿಂದ ಅವನೇ ಫೋನು ಮಾಡಿದ. ಕಣ್ಣಿನ ರೆಪ್ಪೆ, ಹುಬ್ಬು ಎಲ್ಲ ಹೋಗಿದೆ, ಬೇರೇನಿಲ್ಲ ಎಂದ. ಆಮೇಲೆ ಅಳಲು ಶುರು ಮಾಡಿದ. ನಳಿಗೆ ಸರಿಯಾಗಿ ಅವನ ಮುಚ್ಚಳದ ಮೇಲಿತ್ತಂತೆ, ತಳದ ಬಾಗಿಲು ಮರಳಿನಲ್ಲಿ ಹೂತಿತ್ತಂತೆ. ಕಮಾಂಡರ್ ಹಾರಿದ. ಗನ್ನರ್, ಆ ಆಂಧ್ರದ ಹುಡುಗ, ಹಾರಲಿಲ್ಲ. ಕೂತ. ಕಾದು ಕೆಂಪಾದ ಕೈಚಕ್ರವನ್ನು ಹಿಡಿದು ಕೊನೆಯ ಸುತ್ತಿನವರೆಗೆ ತಿರುಗಿಸಿದ. ಅವನ ಕೈಯ ಗವಸು ತೆಗೆದಾಗ ಗವಸಿನ ಜೊತೆಗೇ ಮಾಂಸ ಬಂತು. ಬೆರಳಿನ ಮೂಳೆ ಕಾಣುತ್ತಿತ್ತು ಎಂದ ತಮ್ಮ.

"ನಾ ಅವ್ನಿಗೆ ದಿನಾ ಬೆಳಿಗ್ಗೆ ಎಂಜಿನ್ ಶುರು ಮಾಡುಕ್ ಮುಂಚೆ ಮಾವನ ಕತಿ ಹೇಳ್ತಿದ್ದೆ ಅಕ್ಕಾ. ಐದ್ ವರ್ಷ ಹೇಳಿದೆ. ಎಂಟ್ ಸುತ್ತ್ ಬಾಕಿ ಇಪ್ಪತಿಗೆ ಹಾರ್ಬೇಡ ಅಂದೇಳಿ. ನೀ ಈಗ್ಲೇ ಹೋಗ್. ಮಾವಂಗ್ ಹೇಳ್. ನನ್ ಗನ್ನರ್ ಕೂಕಂಡ ಅಂತ ಹೇಳ್. ನಾ ಬದ್ಕದ್ದ್ ಅವ್ರಿಂದ ಅಂತ ಹೇಳ್."

ಆಯ್ತು ಎಂದೆ. ಫೋನು ಇಟ್ಟು ಬಾಗಿಲಿಗೆ ಬಂದೆ. ರಸ್ತೆಯಾಚೆ ಅವರು ಒಂದು ಪಂಪಿನ ಮುಂದೆ ಬಗ್ಗಿ ಕೂತಿದ್ದರು. ನಾನು ಚಪ್ಪಲಿ ಮೆಟ್ಟಲು ಕಾಲು ಚಾಚಿದೆ... ಅಲ್ಲೇ ನಿಂತೆ. ಯಾವ ಮುಖ ಹೊತ್ತು ಹೋಗಲಿ? ಹೋಗಿ ಎದುರು ನಿಂತರೆ ಅವರು ನನ್ನ ಮುಖಕ್ಕಿಂತ ಮೊದಲು ನನ್ನ ಕಾಲು ನೋಡುತ್ತಾರೆ ಎನಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಲ್ಕು ದಿನ ಬಿಟ್ಟು ತಮ್ಮ ಮತ್ತೆ ಫೋನು ಮಾಡಿ ಹೇಳಿದೆಯಾ ಎಂದು ಕೇಳಿದ. ಹೇಳಿದೆ ಎಂದುಬಿಟ್ಟೆ. ಏನಂದರು ಎಂದ. ಕಣ್ಣಲ್ಲಿ ನೀರು ಹಾಕಿದರು ಎಂದೆ. ಇನ್ನು ಅವರಿಗೆ ನಿದ್ದೆ ಬಂದೀತು ಎಂದ. ಒಂದು ಸುಳ್ಳು ಹೇಳಿದ ಮೇಲೆ ನಿಜ ಹೇಳುವ ಅವಸರವೂ ಹೋಯಿತು.

ಊರಿನಲ್ಲಿ ಸುದ್ದಿ ಮಾತ್ರ ಅರ್ಧಂಬರ್ಧ ಹಬ್ಬಿತ್ತು. ಟ್ಯಾಂಕು ಸುಟ್ಟಿತಂತೆ, ಆ ಹುಡುಗ ಆಸ್ಪತ್ರೆಯಲ್ಲಿದ್ದಾನಂತೆ ಎಂದು. ಒಂದು ಬೆಳಿಗ್ಗೆ ಮಿಲಿಟ್ರಿ ಮಾವ ರಸ್ತೆ ದಾಟಿ ನಮ್ಮ ಬೇಲಿಯ ದಣಪೆಯ ಆಚೆ ಬಂದು ನಿಂತರು. ಐದು ವರ್ಷಗಳಲ್ಲಿ ಮೊದಲ ಸಲ. ಹಲ್ಲಿಲ್ಲದೆ ತುಟಿ ಒಳಗೆ ಹೋಗಿತ್ತು. ಒಳಗೆ ಬರಲಿಲ್ಲ.

"ಹೈದ ಹ್ಯಾಂಗಿದ್ದ?"

"ಇದ್ದ."

ಅವರು ಹೋಗಲಿಲ್ಲ. ದಣಪೆಯ ಅಡ್ಡಗೋಲನ್ನು ಹಿಡಿದುಕೊಂಡರು. "ಅವ್ನ್ ಗನ್ನರ್..." ಎಂದರು. ಅಷ್ಟೇ. ಪ್ರಶ್ನೆಯನ್ನು ಮುಗಿಸಲು ಆಗಲಿಲ್ಲ ಅವರಿಗೆ. ಉತ್ತರ ನನ್ನ ಬಾಯಲ್ಲೇ ಇತ್ತು. ಕೂತ ಎಂ‌ಬ ಒಂದೇ ಮಾತು. ಒಳಗಿನಿಂದ ಅಮ್ಮ "ಯಾರಾ ಅದ್?" ಎಂದು ಕೇಳಿದರು. ನಾನು "ಯಾರೂ ಇಲ್ಲೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿದೆ. ಕಿಟಕಿಯಿಂದ ನೋಡಿದರೆ ಇನ್ನೂ ನಿಂತಿದ್ದರು. ಬಿಸಿಲು ಏರಿದ ಮೇಲೆ ಹೋದರು.

ಎರಡು ತಿಂಗಳು ಕಳೆದಿರಬೇಕು, ಪಂಪು ಒಂದರ ಮೇಲೆ ಬಿದ್ದು ತಲೆ ಒಡೆದುಕೊಂಡು ಸತ್ತರು. ಲಕ್ವ ಹೊಡೆದು ಬಿದ್ದದ್ದೋ, ಬಿದ್ದ ಮೇಲೆ ಹೊಡೆದದ್ದೋ ಗೊತ್ತಾಗಲಿಲ್ಲ. ಪಂಪಿನ ಫ್ಲೈವೀಲಿನ ತುಂಬ ರಕ್ತವಿತ್ತು. ಹೆಣ ನೋಡಲು ಊರೆಲ್ಲ ಹೋಯಿತು. ನಾನು ಹೋಗಲಿಲ್ಲ. ತಮ್ಮನ ಗನ್ನರ್ ಹಾರಿಬಿಟ್ಟ ಎಂದೇ ತಿಳಿದು ಸತ್ತರೋ, ಏನು ತಿಳಿದು ಸತ್ತರೋ...

ತಮ್ಮ ಈಗ ನಿವೃತ್ತನಾಗಿ ಬಂದು ಶಾಲೆಯ ವ್ಯಾನು ಓಡಿಸುತ್ತಾನೆ. ಹೋದ ಭಾನುವಾರ ಆ ಗನ್ನರ್ ಅವನನ್ನು ನೋಡಲು ಆಂಧ್ರದಿಂದ ಬಂದಿದ್ದ. ಎರಡೂ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಹೋಗಿವೆ. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕಾಫಿ ಕುಡಿದ. ಆಮೇಲೆ ಹಿಂದಿಯಲ್ಲಿ ನನ್ನನ್ನೇ ಕೇಳಿದ, ದೀದಿ, ಆ ಹಿರಿಯರಿಗೆ ಹೇಳಿದ್ದು ನೀವಂತೆ, ನಾನು ಕೂತೆ ಎಂದು ಕೇಳಿದಾಗ ಅವರು ನಿಜವಾಗಿ ಅತ್ತರೇ? ತಮ್ಮ ನನ್ನ ಕಡೆ ನೋಡಿ ನಗುತ್ತಿದ್ದ. ಆ ಹುಡುಗ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಆ ಕೈಗಳ ಮುಂದೆ ನಾನು ಎಂತ ಹೇಳಲಿ? ಅತ್ತರು ಎಂದೆ. ನಿನ್ನ ಊರು ಯಾವುದು ಎಂದು ಕೇಳಿದರು ಎಂದೆ. ನಿನಗೆ ಒಳ್ಳೆಯದಾಗಲಿ ಎಂದರು ಎಂದೆ. ಒಂದಕ್ಕೆ ಮೂರು ಸೇರಿಸಿ ಹೇಳಿ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮಾವ, ನಿಮಗೆ ಹೇಳಬೇಕಿತ್ತು. ನಿಮ್ಮ ಪಾಪ ಭಯದಲ್ಲಿ ಆದದ್ದು. ನನ್ನದು ಹಾಗಲ್ಲ, ನನಗೆ ಯಾವ ಬೆಂಕಿಯೂ ತಾಗಿರಲಿಲ್ಲ.

ತಮ್ಮ ನಾನು ಬರೆದದ್ದನ್ನೆಲ್ಲ ಓದುತ್ತಾನೆ. ಇದನ್ನೂ ಓದುತ್ತಾನೆ. ಓದಿ ಎದ್ದು ಬಂದು, ಅಕ್ಕಾ, ಇದು ನಿಜವಾ ಎಂದು ಕೇಳುತ್ತಾನೆ. ನಾನು ಮನೆಯಲ್ಲೇ ಕೂತಿರುತ್ತೇನೆ.